ದಕ್ಷಿಣ ಸುಡಾನಿಗೆ 11 ಕಂಟೇನರ್: ನನ್ನ ಅನುಭವ

ಪಲ್ಟನ್ನಿನ ಸ್ಟೋರಿನಲ್ಲಿ ಕೆಲಸ ಮಾಡಿದವರಿಗೆ ಪ್ಯಾಕಿಂಗ್ ಹೇಳಿಕೊಡೋದು ಬೇಕಿಲ್ಲ. ಲೋಡ್ ಟೇಬಲ್, ಪ್ಯಾಕಿಂಗ್ ಲಿಸ್ಟ್, ಬೀಗ, ಸೀಲು ಎಲ್ಲ ಗೊತ್ತಿರುವುದೇ. ನಾನು ಹೇಳಲು ಹೊರಟಿರುವುದು ತೇವದ ವಿಷಯ ಮಾತ್ರ. ಯುಎನ್ ಶಾಂತಿಪಾಲನೆಯ ಮಿಷನ್ನಿಗೆ ದಕ್ಷಿಣ ಸುಡಾನಿನ ಮಲಕಾಲ್‌ಗೆ ಹೊರಟಾಗ ದೊಡ್ಡ ಸಾಮಾನೆಲ್ಲ ಅಲ್ಲೇ ಹಳೇ ಪಲ್ಟನ್ನಿಂದ ಚಾರ್ಜ್ ತಗೊಳ್ಳುವುದಿತ್ತು. ಹೊಸದಾಗಿ ಸಾಗಿಸಬೇಕಾದದ್ದು 20 ಅಡಿಯ 11 ಕಂಟೇನರ್. ಅದರಲ್ಲಿ 10 ಗರಿಗರಿಯಾಗಿ ಮುಟ್ಟಿದವು. ಹನ್ನೊಂದನೆಯದನ್ನು ಆಮೇಲೆ ಹೇಳುತ್ತೇನೆ.

ಅದಕ್ಕೂ ಮುಂಚೆ ಅಂಡಮಾನಿಗೆ ಹೋದಾಗ ನನ್ನ ಮಾನ ಹೋಗಿತ್ತು. ಚೆನ್ನೈಯಿಂದ ಹಡಗು, ನಡುವೆ ಒಂದು ವಾರ ಬಂದರಿನಲ್ಲೇ ಕೊಳೆತದ್ದು. ಬಾಗಿಲು ತೆಗೆದರೆ ಬೂಸಲು ವಾಸನೆ. ಸುಮಾರು 180 ಸೊಳ್ಳೆಪರದೆ, 70-80 ಬಿಸ್ತರ (ಹಾಸಿಗೆ) ಹಾಳು. ಕಂಟೇನರಿನಲ್ಲಿ ಒಂದು ತೂತೂ ಇರಲಿಲ್ಲ. ವಿಚಾರಣೆಯಲ್ಲಿ ನನ್ನ ಹೇಳಿಕೆಯನ್ನು ಯಾರೂ ನಂಬಲಿಲ್ಲ. ನಾನೇ ನಂಬಿರಲಿಲ್ಲ, ಇನ್ನು ಅವರೇನು!

ಮಿಷನ್ನಿಗೆ ಮುಂಚೆ ಸಕಲೇಶಪುರಕ್ಕೆ ರಜೆಗೆ ಬಂದಿದ್ದೆ. ಜುಲೈ, ಮಳೆ ಹಿಡಿದು 10 ದಿನವಾಗಿತ್ತು. ಅಟ್ಟದ ಮೇಲೆ ಮೂರು ಟ್ರಂಕ್ ಇಟ್ಟು ಒಳಗೆ ಹಳೇ ಬೂಟು, ಬೆಡ್‌ಶೀಟು ಹಾಕಿದೆ. ತೇವ ಹೀರಲು ಒಂದಕ್ಕೆ ಕಲ್ಲುಪ್ಪು, ಒಂದಕ್ಕೆ ಇದ್ದಿಲು, ಒಂದಕ್ಕೆ ಸುಟ್ಟ ಸುಣ್ಣದ ಕಲ್ಲು. ಉಪ್ಪು ನೀರಾಗಿ ಬೂಟಿನೊಳಗೆ ನಿಂತಿತು. ಇದ್ದಿಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸುಣ್ಣ ಚೆನ್ನಾಗಿ ಒಣಗಿಸಿತು, ಆದರೆ ಅರಳಿ ಉಬ್ಬಿ ಬಟ್ಟೆಚೀಲವನ್ನೇ ಒಡೆಯಿತು. ಅದಕ್ಕೆ ನೀರು ತಾಗಿದರೆ ಕುದಿಯುವಷ್ಟು ಬಿಸಿ, ಕಂಟೇನರಿಗೆ ಹಾಕೋ ಮಾತೇ ಇಲ್ಲ. ಬೆಡ್‌ಶೀಟು ಅವ್ವನದು. "ನಿನ್ನ ಯುದ್ಧ ಗಡೀಲಿ ಮಾಡ್ಕೋ, ನನ್ನ ಅಟ್ಟದಲ್ಲಲ್ಲ" ಅಂದಳು.

ಭಾವ ಹಾಸನದಲ್ಲಿ ಕಾಫಿ ಕ್ಯೂರಿಂಗ್ ಕೆಲಸದಲ್ಲಿದ್ದರು. ಕಂಟೇನರ್ ತುಂಬಿಸೋದೇ ಅವರ ಜೀವನ. "ಮಳೆ ಒಳಗೆ ಬರಲ್ಲ ಕಣಯ್ಯ, ನೀರನ್ನ ನೀವೇ ಒಳಗಿಟ್ಟು ಬೀಗ ಹಾಕ್ತೀರಿ" ಅಂದರು. ಹಗಲು ಬಿಸಿಲಿಗೆ ಸಾಮಾನಿನ ತೇವ ಆವಿಯಾಗಿ ಮೇಲೇಳುತ್ತದೆ, ರಾತ್ರಿ ತಣ್ಣಗಾದ ತಗಡಿಗೆ ತಾಗಿ ಹನಿಯಾಗಿ ಬೀಳುತ್ತದೆ. ಕಾಫಿಯವರು ಬೀಜದ ತೇವ ಶೇಕಡಾ 12 ದಾಟದಂತೆ ನೋಡಿ, ಗೋಡೆಗೆ ಕಾಗದ ಹೊದಿಸಿ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ನೇತುಹಾಕುತ್ತಾರಂತೆ. "ನಿಮ್ಮ ಪ್ಯಾಲೆಟ್ ತೂಗಿ ನೋಡು" ಅಂದರು. ಪ್ಯಾಲೆಟ್ ಅಂದರೆ ಸಾಮಾನಿನ ಅಡಿಗಿಡುವ ಹಲಗೆಯ ಚೌಕಟ್ಟು.

ಯೂನಿಟ್ಟಿಗೆ ವಾಪಸ್ ಬಂದು ತೂಗಿದೆ. ಹೊಸ ಮರದ ಪ್ಯಾಲೆಟ್, ಎಚ್‌ಟಿ (ಹೀಟ್ ಟ್ರೀಟ್‌ಮೆಂಟ್) ಮುದ್ರೆ ಒತ್ತಿದ್ದು. ಆ ಮುದ್ರೆ ಹುಳ ಸಾಯಲು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಕ್ಕೆ, ಮರ ಒಣಗಿದೆ ಅಂತಲ್ಲ. ನಾವೆಲ್ಲ ಇಲ್ಲೇ ಮೋಸ ಹೋಗೋದು. 21 ಕಿಲೋ ಚಿಲ್ಲರೆ ಇದ್ದದ್ದು ಲಂಗರಿನ (ಪಲ್ಟನ್ನಿನ ಅಡುಗೆಮನೆ) ಹಿಂದಿನ ಶೆಡ್ಡಿನಲ್ಲಿ ಐದು ದಿನ ಬೆಚ್ಚಗಿಟ್ಟ ಮೇಲೆ 18ಕ್ಕೆ ಇಳಿಯಿತು. ಒಂದು ಪ್ಯಾಲೆಟ್ಟಿಗೆ 3 ಲೀಟರ್ ನೀರು! ಕಂಟೇನರಿಗೆ 10 ಪ್ಯಾಲೆಟ್ ಅಂದರೆ ಎರಡು ಕೊಡ ಹತ್ತಿರ ಹತ್ತಿರ. ಅಂಡಮಾನಿನ ವಿಚಾರಣೆಗೆ ಈ ತೂಕದ ಚೀಟಿ ಸಿಕ್ಕಿದ್ದರೆ!

ಸುಬೇದಾರ್ ಸಾಬ್‌ಗೆ ಹೇಳಿದರೆ ನಕ್ಕರು. ಅಂದಿನಿಂದ ನನ್ನ ಹೆಸರು ಕಾಫಿವಾಲಾ. ಚೀಲಕ್ಕೆ ದುಡ್ಡು ಮಂಜೂರಾಗಲಿಲ್ಲ. ಮೊದಲ ನಾಲ್ಕು ಕಂಟೇನರಿನ ಖರ್ಚು ನನ್ನ ಜೇಬಿನಿಂದ, 7,000 ರೂಪಾಯಿ ಹತ್ತಿರ. ಅದರಲ್ಲಿ ಮೊದಲ ಕಂತಿನ ಚೀಲ ಅಗ್ಗದ್ದು, ಪರೀಕ್ಷೆಗೆ ತೂಗುಹಾಕಿದ ಮೂರನೇ ದಿನಕ್ಕೇ ಸೋರಿ ಕಬ್ಬಿಣದ ಮಂಚಕ್ಕೆ ತುಕ್ಕು ಹಿಡಿಸಿತು. ಆಮೇಲೆ ಕೆಳಗೆ ನೀರು ಹಿಡಿಯುವ ಜೇಬಿರುವ ಚೀಲವನ್ನೇ ತರಿಸಿದೆ. ಒಣಗಿದ ತಾರ್ಪಾಲು, ಒಣಗದ ತಾರ್ಪಾಲು ಎರಡನ್ನೂ ಪಲ್ಟನ್ನಿನ ಮುಖ್ಯಸ್ಥರಾದ ಸಿಒ ಸಾಬ್ ಕೈಗೆ ಕೊಟ್ಟ ಮೇಲೆ ಉಳಿದ ಏಳಕ್ಕೆ ರೆಜಿಮೆಂಟಲ್ ಫಂಡ್ ಸಿಕ್ಕಿತು. ನನ್ನ ಏಳು ಸಾವಿರ ಮಾತ್ರ ಹೋದದ್ದು ಹೋಯಿತು.

ಬಾಗಿಲನ್ನು ಯಾವ ಹೊತ್ತಿನಲ್ಲಿ ಮುಚ್ಚಬೇಕು ಅನ್ನುವುದು ಬೇರೆಯೇ ಇದೆ. ಅದನ್ನು ಬರೆಯಲ್ಲ, ಎದುರಿಗೆ ಸಿಕ್ಕಿದರೆ ಹೇಳುತ್ತೇನೆ.

ಕೊನೆಗೆ ಬೇಕಾದದ್ದು ಒಳಗೆ, ಮೊದಲ ರಾತ್ರಿಗೆ ಬೇಕಾದದ್ದು ಬಾಗಿಲಿಗೆ. ಪರದೆ, ಹಗ್ಗ, ಸ್ಟೌ, ಟಾರ್ಚು. ಜೊತೆಗೆ ಪ್ಯಾಕಿಂಗ್ ಲಿಸ್ಟಿನಲ್ಲಿಲ್ಲದ 5 ಕಿಲೋ ಚಿಕೋರಿ ಕಾಫಿಪುಡಿ, ಒಂದು ಫಿಲ್ಟರು. ಬೀಗ ಒಡೆಯುವ ಕಟರನ್ನೂ ಒಳಗೇ ಇಟ್ಟು ಬೀಗ ಹಾಕಿದ್ದು ನನ್ನ ಜಾಣತನ.

ಮುಂಬೈ, ಮೊಂಬಾಸಾ, ಅಲ್ಲಿಂದ ರಸ್ತೆಯಲ್ಲಿ ಜೂಬಾ, ಜೂಬಾದಿಂದ ಬಿಳಿ ನೈಲ್ ನದಿಯಲ್ಲಿ ಬಾರ್ಜ್ (ಸರಕು ದೋಣಿ). ಸುಮಾರು 75 ದಿನ. ಹಳದಿ ಜ್ವರದ ಚುಚ್ಚುಮದ್ದು, 10 ದಿನದ ಕಾಯುವಿಕೆ, ದಿಲ್ಲಿ, ವಿಮಾನ, ನೀಲಿ ಟೋಪಿ ಎಲ್ಲ ಎಲ್ಲರಿಗೂ ಆಗುವಂತೆ ಆಯಿತು. ಮಲಕಾಲ್ ನೆಲ ನೋಡಿದರೆ ನಮ್ಮ ಅಜ್ಜಂಪುರದ ಎರೆಭೂಮಿ ನೆನಪಾಗುತ್ತದೆ, ಮಳೆ ಬಂದರೆ ಬೂಟಿನ ತೂಕ ಎರಡು ಪಟ್ಟು. ಯುಎನ್‌ನವರು ಬಂದು ಒಂದೊಂದೇ ಎಣಿಸಿ ನೋಡುತ್ತಾರೆ. ಕೆಟ್ಟದ್ದಕ್ಕೆ ನಮ್ಮ ಸರ್ಕಾರಕ್ಕೆ ಅವರ ದುಡ್ಡು ಬರಲ್ಲ, ಹಾಗಾಗಿ ಎಲ್ಲರಿಗೂ ಎದೆ ಢವಢವ.

ಒಂದೊಂದೇ ಬಾಗಿಲು ತೆಗೆದೆವು. ಕಾಗದ ಒಣಗಿದ ಬಾಳೆಗರಿ ಹಾಗೆ ಸರಸರ ಅಂದಿತು. ಚೀಲದ ಕೆಳಜೇಬಿನಲ್ಲಿ ಒಂದೂವರೆ ಲೀಟರ್ ನೀರು ತೂಗುತ್ತಿತ್ತು. ಸುಬೇದಾರ್ ಸಾಬ್ ಅದನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದರು. ಸಂಜೆ ಕಾಫಿ ಎರಡು ಲೋಟ ಕುಡಿದರು, ಹೆಸರು ಮಾತ್ರ ಕಾಫಿವಾಲಾನೇ ಉಳಿಯಿತು.

ಹನ್ನೊಂದನೆಯದರಲ್ಲಿ ಅದೇ ಅಂಡಮಾನಿನ ವಾಸನೆ. ಲೋಡಿಂಗ್ ದಿನ ಮಳೆಗೆ ಹೊದಿಸಿದ್ದ ತಾರ್ಪಾಲನ್ನು ಯಾರೋ ಒದ್ದೆಯಾಗೇ ಮಡಚಿ ಬಾಗಿಲ ಬಳಿ ತುರುಕಿದ್ದರು. ಬಯ್ಯೋಣ ಅಂತ ಲಿಸ್ಟ್ ತೆಗೆದು ನೋಡಿದೆ. ಕೆಳಗೆ ಸಹಿ ನನ್ನದೇ. ಬಾಯಿ ಮುಚ್ಚಿಕೊಂಡು ಹಗ್ಗ ಕಟ್ಟಿ ಸೊಳ್ಳೆಪರದೆ ಒಣಗಿಸಿದೆ. 60ರಲ್ಲಿ 40 ಉಳಿದವು.