ಮರಳುಗಾಡಿನ ಸೆಕೆಯಲ್ಲಿ ಪಾಚಿ ಬೆಳೆಸಿದ್ದು

ನಮ್ಮೂರು ಕುಂದಾಪುರದ ಹತ್ತಿರ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದು ಮುಗಿಸಿ ಗಲ್ಫಿಗೆ ಬಂದವನು ನಾನು. ಅಬುಧಾಬಿಯಿಂದ ಪಶ್ಚಿಮಕ್ಕೆ, ಸೌದಿ ಗಡಿಯ ಕಡೆ ಹೋಗುವ ಕರಾವಳಿಯಲ್ಲಿ ಒಂದು ಹ್ಯಾಚರಿ. ಅಲ್ಲಿ ಹಮೂರ್ ಮರಿ ಮಾಡುತ್ತೇವೆ. ನಮ್ಮ ಕಡೆ ಮುರು ಮೀನು ಅಂತಾರಲ್ಲ, ಅದೇ ಬಳಗದ್ದು. ಪಾಚಿಯ ಕೆಲಸ ಪೂರ್ತಿ ನನ್ನದು.

ಮೊಟ್ಟೆಯೊಡೆದು ಬಂದ ಮರಿಯ ಬಾಯಿ ತೀರಾ ಸಣ್ಣದು. ಪುಡಿ ಆಹಾರ ಹಾಕಿದರೆ ಮುಟ್ಟುವುದಿಲ್ಲ. ಅದಕ್ಕೆ ಜೀವಂತ ರೋಟಿಫರ್, ಅಂದರೆ ನೀರಿನಲ್ಲಿ ಈಜುವ ಅತಿ ಸೂಕ್ಷ್ಮ ಪ್ರಾಣಿ ಬೇಕು, ರೋಟಿಫರ್‌ಗೆ ಪಾಚಿ ಬೇಕು. ಹೆಚ್ಚಿನವರು ಬೆಳೆಸುವುದು ನಾನೋಕ್ಲೋರಾಪ್ಸಿಸ್. ಒಂದೊಂದು ಕೋಶ 2ರಿಂದ 4 ಮೈಕ್ರಾನ್ ಅಷ್ಟೇ, ಆದರೆ ಮರಿಗೆ ಬೇಕಾದ ಇಪಿಎ ಎಂಬ ಒಮೇಗಾ-3 ಕೊಬ್ಬು ಅದರಲ್ಲಿ ಚೆನ್ನಾಗಿದೆ. 25 ಡಿಗ್ರಿ ಆಸುಪಾಸಿನ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ. 33 ದಾಟಿದರೆ ಸೊರಗುತ್ತದೆ.

ಮೊದಲ ಜೂನ್‌ನಲ್ಲಿ ಗಾಳಿಯ ಬಿಸಿ 47 ಡಿಗ್ರಿ ಮುಟ್ಟಿತು. ಎಲ್ಲ ಮುಗಿಯಿತು ಅಂದುಕೊಂಡು ಮಧ್ಯಾಹ್ನ 3 ಗಂಟೆಗೆ ರೇಸ್‌ವೇ ಕೊಳಕ್ಕೆ (ನೀರು ಸುತ್ತುತ್ತಲೇ ಇರುವ, ಆಳವಿಲ್ಲದ ಪಾಚಿ ಕೊಳ) ಥರ್ಮಾಮೀಟರ್ ಇಳಿಸಿದರೆ 32! ಮಡಕೆ ನೀರು ತಣ್ಣಗಾಗುತ್ತದಲ್ವಾ, ಅದೇ ಲೆಕ್ಕ. ಇಲ್ಲಿ ವಾಯವ್ಯದಿಂದ ಬೀಸುವ ಶಮಾಲ್ ಒಣಗಾಳಿ, ಕೊಳದ ನೀರು ಆವಿಯಾಗುತ್ತಾ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಆದರೆ ದಿನಕ್ಕೆ ಹತ್ತಿರ ಹತ್ತಿರ 1 ಸೆಂಟಿಮೀಟರ್ ನೀರು ಹೋಗುತ್ತದೆ. ಕೊಳದ ಆಳವೇ 20 ಸೆಂಟಿಮೀಟರ್, ಹಾಗಾಗಿ 42 ಪಿಪಿಟಿ (ಸಾವಿರಕ್ಕೆ 42 ಭಾಗ) ಇದ್ದ ಉಪ್ಪು ಒಂದೇ ದಿನಕ್ಕೆ 44 ಆಗುತ್ತದೆ. ಆರಿದ್ದಕ್ಕೆ ಸಮುದ್ರದ ನೀರನ್ನೇ ತುಂಬಿಸಬೇಡಿ, ಉಪ್ಪು ಏರುತ್ತಲೇ ಹೋಗುತ್ತದೆ. ಸಿಹಿನೀರು ಹಾಕಬೇಕು, ಅದೂ ಪ್ರತಿದಿನ ಅಳೆದು.

ನಾನು ಎಡವಿದ್ದು ಆಗಸ್ಟ್‌ನಲ್ಲಿ. ಗಾಳಿ ಸಮುದ್ರದ ಕಡೆಯಿಂದ ತಿರುಗಿತು. ಎಸಿ ರೂಮಿನಿಂದ ಹೊರಗೆ ಕಾಲಿಟ್ಟರೆ ಕನ್ನಡಕದ ತುಂಬಾ ಮಂಜು, ಎರಡು ನಿಮಿಷಕ್ಕೆ ಅಂಗಿ ಒದ್ದೆ. ನಮ್ಮೂರ ಮೇ ತಿಂಗಳ ಸೆಕೆಯ ಎರಡರಷ್ಟು. ಗಾಳಿಯ ಬಿಸಿ ಬರೀ 40 ಇತ್ತು, ಜೂನ್‌ಗಿಂತ ಕಡಿಮೆ ತಾನೇ ಅಂತ ನಾನು ಧೈರ್ಯವಾಗಿದ್ದೆ. ನೀರು 38 ತೋರಿಸಿತು. ಗಾಳಿಯಲ್ಲೇ ಅಷ್ಟು ತೇವ ಇದ್ದರೆ ಕೊಳದ ನೀರು ಆರುವುದು ಹೇಗೆ, ತಂಪಾಗುವುದು ಹೇಗೆ? ಮಾರನೆ ದಿನ ಬೆಳಿಗ್ಗೆ ಕಡು ಹಸಿರು ಹೋಗಿ ಹಳೇ ಸಾಸಿವೆ ಎಣ್ಣೆಯ ಬಣ್ಣ ಬಂದಿತ್ತು. ಮೂಲೆಯಲ್ಲಿ ಕಂದು ನೊರೆ, ಕೊಳೆತ ಸೊಪ್ಪಿನ ವಾಸನೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು, ಸುತ್ತ ಸಿಲಿಯೇಟ್ ಎಂಬ ಏಕಕೋಶ ಜೀವಿಗಳು ಓಡಾಡುತ್ತಿದ್ದವು. ಸಂಜೆಗೆ ರೋಟಿಫರ್‌ಗಳ ಹೊಟ್ಟೆ ಖಾಲಿ, ಗಾಜಿನಂತೆ ಪಾರದರ್ಶಕ. ಆ ವಾರದ ಹಮೂರ್ ಮರಿಗಳು ಒಂದೂ ಉಳಿಯಲಿಲ್ಲ. ಟ್ಯಾಂಕಿನ ತಳದಿಂದ ಅವನ್ನು ಸೈಫನ್ ಮಾಡಿ ತೆಗೆದಿದ್ದು ಇನ್ನೂ ಕಣ್ಣ ಮುಂದೆ ಇದೆ.

ಆಮೇಲೆ ಥರ್ಮಾಮೀಟರಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯ ತೇವ ಅಳೆಯುವುದನ್ನು ಶುರು ಮಾಡಿದೆ. ಗಾಳಿ ಒಣಗಿದ್ದರೆ ಬಟ್ಟೆ ಆರುತ್ತಾ ಅಂಕಿ ಇಳಿಯುತ್ತದೆ, ತೇವ ಇದ್ದರೆ ಇಳಿಯುವುದಿಲ್ಲ. ಒದ್ದೆ ಬಟ್ಟೆಯ ಅಂಕಿ 28 ದಾಟಿತೆಂದರೆ ನಾನು ಹುಷಾರಾಗುತ್ತೇನೆ. ಕೊಳದ ಆಳ 30 ಸೆಂಟಿಮೀಟರ್‌ಗೆ ಏರಿಸುತ್ತೇನೆ, 50 ಪರ್ಸೆಂಟ್ ನೆರಳು ಬಲೆ ಎಳೆಯುತ್ತೇನೆ. ಇದರಿಂದ ಎರಡು ಮೂರು ಡಿಗ್ರಿ ಸಿಗುತ್ತದೆ, ಜಾಸ್ತಿ ಏನಿಲ್ಲ. ಮುಚ್ಚಿದ ಗಾಜಿನ ಕೊಳವೆಯಲ್ಲಿ ಯಾಕೆ ಬೆಳೆಸಲ್ಲ ಅಂತ ಸುಮಾರು ಜನ ಕೇಳುತ್ತಾರೆ. ಅದರಲ್ಲಿ ಆವಿ ಹೊರಗೆ ಹೋಗುವುದೇ ಇಲ್ಲ, ಮೇಲಿಂದ ನೀರು ಚಿಮುಕಿಸದಿದ್ದರೆ ಒಲೆಯ ಮೇಲಿಟ್ಟ ಹಾಗೆ.

ನಿಜವಾಗಿ ಕೈ ಹಿಡಿದಿದ್ದು ಇಲ್ಲಿಯದೇ ಪಾಚಿ. ಕತಾರ್ ವಿಶ್ವವಿದ್ಯಾಲಯದವರು ಅಲ್ಲಿನ ಮರಳುಗಾಡು, ಕರಾವಳಿಯಿಂದಲೇ ಬಿಸಿ ತಡೆಯುವ ಪಾಚಿಗಳನ್ನು ಹೆಕ್ಕಿ ಕೂಡಿಟ್ಟಿದ್ದಾರೆ ಅಂತ ಓದಿದ್ದೆ. ನಾನೂ ಸಬ್ಖಾ ಎಂಬ ಉಪ್ಪು ಬಯಲಿನ ಅಂಚಿನ ಗುಂಡಿಗಳಿಂದ ಬಾಟಲಿಯಲ್ಲಿ ನೀರು ತಂದೆ. ಪಾಚಿಗೆ ಪೋಷಕಾಂಶ ಕೊಡುವ ಎಫ್/2 ದ್ರಾವಣ ಹಾಕಿ 38 ಡಿಗ್ರಿಯಲ್ಲಿ ಹತ್ತು ದಿನ ಇಟ್ಟೆ. ಹೆಚ್ಚಿನ ಫ್ಲಾಸ್ಕ್‌ಗಳು ಬಿಳಿಚಿಕೊಂಡವು. ಎರಡು ಹಸಿರಾಗಿಯೇ ಉಳಿದವು. ಅದನ್ನು ಅಗರ್ ಜೆಲ್ಲಿಯ ತಟ್ಟೆಯ ಮೇಲೆ ಗೀರಿ, ಒಂಟಿ ಚುಕ್ಕೆಗಳನ್ನು ಎತ್ತಿ, ಮತ್ತೆ ಗೀರಿ, ಹೀಗೆ ಐದು ಸಲ ಮಾಡಿದ ಮೇಲೆ ಶುದ್ಧವಾದ ಟೆಟ್ರಾಸೆಲ್ಮಿಸ್ ಸಿಕ್ಕಿತು. ನಾಲ್ಕು ಬಾಲ ಬೀಸುತ್ತಾ ಈಜುವ ಪಾಚಿ ಅದು, ನೋಡಲು ತುಂಬಾ ಚಂದ. 37ರಲ್ಲೂ ಕೊಳದಲ್ಲಿ ನಿಂತಿತು.

ಅದರಲ್ಲಿ ಇಪಿಎ ಕಡಿಮೆ. ಅದಕ್ಕೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೊರಗಿನ ಕೊಳದಲ್ಲಿ ನಾನೋಕ್ಲೋರಾಪ್ಸಿಸ್, ಬೇಸಿಗೆಯಲ್ಲಿ ಟೆಟ್ರಾಸೆಲ್ಮಿಸ್. ಬೇಸಿಗೆಗೆ ನಾನೋಕ್ಲೋರಾಪ್ಸಿಸ್ ಎಸಿ ರೂಮಿನ ಚೀಲಗಳಲ್ಲಿ ಮಾತ್ರ. ಅದನ್ನು ಸೆಂಟ್ರಿಫ್ಯೂಜ್‌ನಲ್ಲಿ ಗಟ್ಟಿ ಮಾಡಿ 4 ಡಿಗ್ರಿ ಫ್ರಿಜ್ಜಿನಲ್ಲಿಡುತ್ತೇನೆ, ರೋಟಿಫರ್ ಹಿಡಿಯುವ ಹಿಂದಿನ ರಾತ್ರಿ ಅದಕ್ಕೆ ತಿನ್ನಿಸುತ್ತೇನೆ. ಮರಿಗೆ ಬೇಕಾದ ಇನ್ನೊಂದು ಕೊಬ್ಬು ಡಿಎಚ್‌ಎ ಈ ಎರಡರಲ್ಲೂ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೆ ಅದಿರುವ ಐಸೋಕ್ರೈಸಿಸ್ ಪಾಚಿಯನ್ನೂ ಸ್ವಲ್ಪ ಎಸಿಯಲ್ಲೇ ಬೆಳೆಸುತ್ತೇನೆ. ಕರೆಂಟ್ ಖರ್ಚು ಇದೆ, ಆದರೆ ಕೊಳ ಪೂರ್ತಿ ತಣ್ಣಗೆ ಮಾಡುವ ಖರ್ಚಿನ ಮುಂದೆ ಏನೂ ಅಲ್ಲ.

ಕಳೆದ ಆಗಸ್ಟ್‌ನಲ್ಲಿ ಒದ್ದೆ ಬಟ್ಟೆ 30 ತೋರಿಸಿದ ದಿನ ನಿದ್ದೆ ಬರಲಿಲ್ಲ. ರಾತ್ರಿ 2 ಗಂಟೆಗೆ ಹೋಗಿ ಒಂದು ಹನಿ ತೆಗೆದು ನೋಡಿದೆ. ರೋಟಿಫರ್‌ಗಳ ಹೊಟ್ಟೆ ತುಂಬಾ ಹಸಿರಿತ್ತು.