ತಣ್ಣೀರಿನಲ್ಲಿ ಸೊಳ್ಳೆಮರಿ ಮದ್ದು: ಎಷ್ಟು ದಿನ ಕಾಯಬೇಕು?

ಮಳೆನೀರಿನ ಡ್ರಮ್ಮಿಗೆ ಬಿಟಿಐ ಎಂಬ ಸೊಳ್ಳೆಮರಿ ಮದ್ದಿನ ಪುಡಿ ಹಾಕಿ ಎರಡು ದಿನವಾಯ್ತು. ಸೊಳ್ಳೆಮರಿಗಳು ಇನ್ನೂ ಓಡಾಡ್ತಾನೇ ಇವೆ. ಜರ್ಮನಿಯ ಏಪ್ರಿಲ್ ಚಳಿಯಲ್ಲಿ ಕೈತೋಟ ಮಾಡುವ ಕನ್ನಡಿಗರಿಗೆ ಪುಡಿ ಹಳೆಯದೇನೋ ಅನ್ನಿಸಿಬಿಡುತ್ತದೆ. ಸಾಮಾನ್ಯವಾಗಿ ಪುಡಿ ಸರಿಯಾಗೇ ಇರುತ್ತದೆ, ಮರಿಗಳು ಉಣ್ಣುತ್ತಿರುವುದಿಲ್ಲ.

ಬಿಟಿಐ ಒಂದು ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿತು. ಅದರ ಪ್ರೋಟೀನ್ ಹರಳು ಮರಿಯ ಹೊಟ್ಟೆಗೆ ಹೋಗಿ ಕರಗಿದರೆ ಮಾತ್ರ ಕರುಳು ಒಡೆಯುತ್ತದೆ. ಮೈಗೆ ತಗುಲಿದರೆ ಏನೂ ಆಗದು. ನೀರು ತಣ್ಣಗಾದಷ್ಟೂ ಮರಿಗಳ ಊಟ ಕಮ್ಮಿ. ಜರ್ಮನಿಯ ರೈನ್ ನದಿ ಬಯಲಿನಲ್ಲಿ ಸಿಗುವ ಈಡಿಸ್ ವೆಕ್ಸಾನ್ಸ್ ಸೊಳ್ಳೆಯ ಮರಿಗಳ ಮೇಲೆ 5 ಡಿಗ್ರಿಯಲ್ಲಿ ಇದರ ಪ್ರಭಾವ 25 ಡಿಗ್ರಿಗಿಂತ ಸುಮಾರು 10 ಪಟ್ಟು ಕಮ್ಮಿ.

ಹಾಗಾಗಿ ಮೊದಲು ಥರ್ಮಾಮೀಟರ್ ಇಳಿಸಿ. ನೀರು 8 ಡಿಗ್ರಿಗಿಂತ ತಣ್ಣಗಿದ್ದರೆ ಅವಸರ ಬೇಡ. ಚಳಿಯಲ್ಲಿ ಮರಿ ಬೆಳೆಯುವುದೂ ನಿಧಾನ, ಅಲ್ವಾ? ಬಿಸಿಲು ಬಂದು ನೀರು ಸ್ವಲ್ಪ ಬೆಚ್ಚಗಾಗುವ ದಿನ ನೋಡಿಕೊಳ್ಳಿ. ಆದರೆ ಮರಿಗಳು ದೊಡ್ಡವಾಗುವ ತನಕ ಕಾಯಬೇಡಿ. ಮರಿ ಬೆಳೆಯುವ ಹಂತಗಳಲ್ಲಿ ಕೊನೆಯದಾದ ನಾಲ್ಕನೆಯದರ ಕೊನೆಯಲ್ಲಿ ಅವು ಉಣ್ಣುವುದು ನಿಲ್ಲಿಸುತ್ತವೆ. ಸಣ್ಣ ಮರಿಗಳಿರುವಾಗಲೇ ಹಾಕಬೇಕು.

ಹಾಕುವ ಮುಂಚೆ ಬಿಳಿ ಸೌಟಿನಲ್ಲಿ ಹತ್ತು ಸಲ ನೀರು ತೆಗೆದು ಮರಿಗಳನ್ನು ಎಣಿಸಿ, ಬರೆದಿಡಿ. ಈ ಲೆಕ್ಕ ಇಲ್ಲದಿದ್ದರೆ ಆಮೇಲೆ ಬರೀ ಅಂದಾಜೇ ಗತಿ. ಲೇಬಲ್‌ನಲ್ಲಿ ಕನಿಷ್ಠ, ಗರಿಷ್ಠ ಪ್ರಮಾಣ ಎರಡೂ ಇದ್ದರೆ ತಣ್ಣೀರಿಗೆ ಗರಿಷ್ಠ ಪ್ರಮಾಣ ಹಾಕಿ, ಅದನ್ನು ಮೀರಬೇಡಿ. ಬೆಚ್ಚಗಿನ ನೀರಿನಲ್ಲಿ 24 ಗಂಟೆಯಲ್ಲಿ ಹೆಚ್ಚಿನ ಮರಿಗಳು ಸಾಯುತ್ತವೆ. ತಣ್ಣೀರಿನಲ್ಲಿ 48 ಗಂಟೆಯಾದ ಮೇಲೆ ಒಮ್ಮೆ, 72 ಗಂಟೆಯಾದ ಮೇಲೆ ಇನ್ನೊಮ್ಮೆ ಎಣಿಸಿ. ಆಗಲೂ ಸಂಖ್ಯೆ ಇಳಿಯದಿದ್ದರೆ ಮಾತ್ರ ಮತ್ತೆ ಹಾಕಿ.

ಚಳಿಯಲ್ಲಿ ಹರಳು ಬೇಗ ಕೊಳೆಯುವುದಿಲ್ಲ ನಿಜ. ಆದರೆ ಅದು ತಳ ಸೇರಿ ಕೆಸರಿಗೆ ಅಂಟಿಕೊಳ್ಳುತ್ತದೆ. ಪುಡಿಯ ಕೆಲಸ ಕೆಲವೇ ದಿನಗಳದ್ದು ಅಂತಲೇ ಲೆಕ್ಕ ಇಟ್ಟುಕೊಳ್ಳಿ. ರೈನ್ ದಡದಲ್ಲಿ ಸೊಳ್ಳೆ ನಿಯಂತ್ರಿಸುವ ಕಾಬ್ಸ್ ಸಂಘ ಹೆಲಿಕಾಪ್ಟರ್‌ನಿಂದ ಸುರಿಯುವುದು ಬಿಟಿಐ ಬೆರೆಸಿದ ಮಂಜುಗಡ್ಡೆಯ ಕಾಳುಗಳನ್ನು. ಕಾಳು ಎಲೆಗಳ ನಡುವೆ ಜಾರಿ ನೀರಿಗೆ ಬಿದ್ದು, ತೇಲುತ್ತಲೇ ಕರಗುತ್ತದೆ. ಮರಿಗಳ ಬಾಯಿಗೆ ಮದ್ದು ತಲುಪಿಸಲು ಎಂಥ ಒಳ್ಳೆಯ ಉಪಾಯ! ಮನೆಗೆ ತೇಲುವ ಬಿಲ್ಲೆ ಸಿಗುತ್ತದೆ, ಸುಮಾರು 30 ದಿನ ಮದ್ದು ಬಿಡುತ್ತದೆ.

ಲೈಸಿನಿಬ್ಯಾಸಿಲಸ್ ಸ್ಫೆರಿಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕೊಳಕು ನೀರಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಮೇಲೆ ಮಾತ್ರ ಅದು ಅಷ್ಟಾಗಿ ನಡೆಯದು. ಊರಲ್ಲಿರುವ ಅಪ್ಪ ಅಮ್ಮನಿಗೆ ಮದ್ದು ಹೇಳುವಾಗ ಇದು ನೆನಪಿರಲಿ. ಅಲ್ಲಿನ ಸಂಪಿನ ನೀರು ಜನವರಿಯಲ್ಲೂ ಇಷ್ಟು ತಣ್ಣಗಾಗುವುದಿಲ್ಲ, ಅಲ್ಲಿ ಬಿಟಿಐ ಬೇಗನೇ ಕೆಲಸ ಮಾಡುತ್ತದೆ.

ಸೌಟಿನಲ್ಲಿ ಅಲ್ಪವಿರಾಮದ ಆಕಾರದ ಹುಳ ಕಂಡರೆ ಅದು ಪ್ಯೂಪಾ, ಅಂದರೆ ಮರಿ ಸೊಳ್ಳೆಯಾಗುವ ಮುಂಚಿನ ಹಂತ. ಅದು ಏನೂ ತಿನ್ನುವುದಿಲ್ಲ, ಈ ಎರಡು ಬ್ಯಾಕ್ಟೀರಿಯಾಗಳಿಂದ ಅದಕ್ಕೆ ಏನೂ ಆಗದು. ಟೀ ಜರಡಿಯಲ್ಲಿ ಸೋಸಿ ಒಣ ಮಣ್ಣಿಗೆ ಸುರಿದುಬಿಡಿ.