ಗಾರ್ಡಿನಾಲ್ ಮಾತ್ರೆ: ಶುರು ಮಾಡುವುದು, ತಪ್ಪದೆ ಕೊಡುವುದು, ನಿಲ್ಲಿಸುವುದು ಹೇಗೆ?

ಸಕಲೇಶಪುರದಲ್ಲಿ ಮೆಡಿಕಲ್ ಇಟ್ಟುಕೊಂಡಿರುವ ನನಗೆ ಮಳೆಗಾಲ ಬಂತೆಂದರೆ ಒಂದು ಮಾತು ಖಾಯಂ. "ಅಣ್ಣಾ, ಮಗನ ಫಿಟ್ಸ್ ಮಾತ್ರೆ ಮುಗಿದು ನಾಲ್ಕು ದಿನ ಆಯ್ತು, ಮಳೇಲಿ ಬರೋಕೆ ಆಗ್ಲಿಲ್ಲ. ಏನೂ ಆಗಿಲ್ಲ ಬಿಡಿ." ಆ ಕೊನೆಯ ಮಾತು ಕೇಳಿದಾಗಲೇ ನನಗೆ ಭಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಫಿಟ್ಸ್‌ಗೆ ಕೊಡುವ ಈ ಗಾರ್ಡಿನಾಲ್ ಮಾತ್ರೆಯ ನಿಜವಾದ ಹೆಸರು ಫಿನೋಬಾರ್ಬಿಟೋನ್. ಮಿದುಳಿನ ಓಟಕ್ಕೆ ಬ್ರೇಕ್ ಹಾಕುವ ಬಾರ್ಬಿಚುರೇಟ್ ಅನ್ನುವ ಗುಂಪಿಗೆ ಸೇರಿದ್ದು. ಫಿಟ್ಸ್‌ಗೆ ಇದನ್ನು ಬಳಸಲು ಶುರು ಮಾಡಿದ್ದು 1912ರಲ್ಲಿ. ಅಂದರೆ ನಮ್ಮ ಮುತ್ತಜ್ಜನ ಕಾಲದ ಔಷಧಿ. ಹೊಸ ಮಾತ್ರೆಗಳು ಎಷ್ಟೋ ಬಂದಿವೆ, ಆದರೂ ಬೆಲೆ ಕಡಿಮೆ, ಕೆಲಸ ಗಟ್ಟಿ ಅಂತ ಇದು ಉಳಿದುಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಹಸುಗೂಸಿಗೆ ಫಿಟ್ಸ್ ಬಂದರೆ ಡಾಕ್ಟರು ಮೊದಲು ಕೈ ಹಾಕುವುದು ಸಾಮಾನ್ಯವಾಗಿ ಇದರ ಇಂಜೆಕ್ಷನ್‌ಗೇ.

ಮೊದಲ ಹೆಜ್ಜೆ ಚೀಟಿ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯೋ, ಬೆಂಗಳೂರಿನ ನಿಮ್ಹಾನ್ಸೋ, ಎಲ್ಲಿಗೆ ಹೋದರೂ ಈಗ ತಿನ್ನುತ್ತಿರುವ ಮಾತ್ರೆಗಳ ಶೀಟ್ ಎಲ್ಲಾ ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತ ತೆಳು ಮಾಡುವ ವಾರ್ಫರಿನ್, ಮಕ್ಕಳಾಗದಿರಲು ನುಂಗುವ ಮಾತ್ರೆ, ಇವುಗಳ ಶಕ್ತಿಯನ್ನು ಗಾರ್ಡಿನಾಲ್ ಕುಗ್ಗಿಸುತ್ತದೆ. ಬಸುರಿಯಾಗಿದ್ದರೆ, ಆಗುವ ಯೋಚನೆ ಇದ್ದರೆ ನಾಚಿಕೊಳ್ಳದೆ ಮೊದಲೇ ಹೇಳಿ, ಹೊಟ್ಟೆಯಲ್ಲಿರುವ ಮಗುವಿಗೆ ಇದರಿಂದ ತೊಂದರೆಯಾಗುವ ಸಂಭವ ಇದೆ. ಹಾಗಂತ ಗೊತ್ತಾದ ದಿನವೇ ಮಾತ್ರೆ ಬಿಸಾಕಬೇಡಿ, ಅದು ಇನ್ನೂ ಕೆಟ್ಟದ್ದು.

ಎರಡನೆಯದು ಹೊತ್ತು. ಹೆಚ್ಚಿನ ದೊಡ್ಡವರಿಗೆ ರಾತ್ರಿ ಒಂದೇ ಸಲ. ನುಂಗಿದ ತಕ್ಷಣ ಗೋಡೆ ಕ್ಯಾಲೆಂಡರ್ ಮೇಲೆ ಪೆನ್ನಿನಲ್ಲಿ ಒಂದು ಗೀಟು ಎಳೆಯಿರಿ. ಮೊಬೈಲ್ ಅಲಾರಂ ನಂಬಬೇಡಿ, ನಮ್ಮ ಕಡೆ ಮೂರು ದಿನ ಕರೆಂಟ್ ಹೋದರೆ ಮೊಬೈಲೇ ಸತ್ತಿರುತ್ತದೆ.

ಮೂರನೆಯದು ಮೊದಲ ಕೆಲವು ವಾರ. ತೂಕಡಿಕೆ, ಮಂಪರು ಇದ್ದೇ ಇರುತ್ತದೆ. ಬೈಕ್ ಬೇಡ, ಮೆಣಸು ಕೊಯ್ಯಲು ಏಣಿ ಹತ್ತುವುದಂತೂ ಬೇಡವೇ ಬೇಡ. ಕೆಲವು ಮಕ್ಕಳು ಉಲ್ಟಾ, ನಿದ್ದೆ ಬಿಟ್ಟು ಮನೆಯೆಲ್ಲಾ ಕುಣಿಯುತ್ತಾರೆ, ಸಿಡಿಮಿಡಿ ಮಾಡುತ್ತಾರೆ. ಅದೂ ಮಾತ್ರೆಯದೇ ಕೆಲಸ, ಬೈಯಬೇಡಿ, ಡಾಕ್ಟರಿಗೆ ಹೇಳಿ. ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಮಾತ್ರ ನಾಳೆ ಅನ್ನದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ಎಲ್ಲರೂ ಎಡವುವ ಜಾಗ.

ನಮ್ಮೂರ ಕೆರೆ ನೆನಪಿಸಿಕೊಳ್ಳಿ. ಮೊದಲ ಮಳೆಗೆ ತುಂಬುವುದಿಲ್ಲ, ಮಳೆ ನಿಂತ ಮಾರನೆ ದಿನ ಒಣಗುವುದೂ ಇಲ್ಲ. ಈ ಮಾತ್ರೆಯೂ ಹಾಗೇ. ದೊಡ್ಡವರ ಮೈಯಲ್ಲಿ ಇದರ ಅರ್ಧ ಭಾಗ ಇಳಿಯಲು ಸುಮಾರು 3ರಿಂದ 5 ದಿನ ಬೇಕು. ಆದ್ದರಿಂದ ಪೂರ್ತಿ ಮಟ್ಟ ಸಿಗಲು ಎರಡು ಮೂರು ವಾರ ಹಿಡಿಯುತ್ತದೆ. ಇದು ಗೊತ್ತಿಲ್ಲದವರು ಐದನೇ ದಿನಕ್ಕೇ "ಮಾತ್ರೆ ಹಿಡೀತಿಲ್ಲ" ಅಂತ ಎರಡು ನುಂಗಿಸುತ್ತಾರೆ, ಆಮೇಲೆ ಹುಡುಗ ಎದ್ದೇಳಲ್ಲ ಅಂತ ಓಡಿ ಬರುತ್ತಾರೆ.

ಬಿಟ್ಟಾಗಲೂ ಇದೇ ಮೋಸ. ಎರಡು ದಿನ ಬಿಟ್ಟರೂ ಕೆರೆಯಲ್ಲಿ ನೀರಿರುತ್ತದೆ, ಏನೂ ಆಗುವುದಿಲ್ಲ, ಧೈರ್ಯ ಬರುತ್ತದೆ. ಆದರೆ ಇಷ್ಟು ದಿನ ಮಾತ್ರೆಯ ಬ್ರೇಕಿಗೆ ಒಗ್ಗಿಹೋದ ಮಿದುಳು, ಬ್ರೇಕ್ ಸಡಿಲವಾಗುತ್ತಾ ಬಂದ ಹಾಗೆ ಒಮ್ಮೆಲೇ ಕೆರಳುತ್ತದೆ. ಆಗ ಬರುವ ಫಿಟ್ಸ್ ಒಂದಕ್ಕೇ ನಿಲ್ಲದೆ, ಒಂದರ ಹಿಂದೆ ಒಂದು ಬಂದು ಜೀವಕ್ಕೇ ಕುತ್ತು ತರಬಹುದು.

ಹಾಗಾದರೆ ಏನು ಮಾಡಬೇಕು? ಒಂದು ರಾತ್ರಿ ಮರೆತರೆ ನೆನಪಾದಾಗ ಕೊಡಿ. ಮುಂದಿನ ಮಾತ್ರೆಯ ಹೊತ್ತೇ ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ತಪ್ಪಿದ್ದನ್ನು ಸೇರಿಸಿ ಎರಡು ಕೊಡಬೇಡಿ. ಎರಡು ಮೂರು ದಿನ ತಪ್ಪಿದ್ದರೆ ನಿಮ್ಮ ಲೆಕ್ಕ ಬೇಡ, ಡಾಕ್ಟರಿಗೆ ಫೋನ್ ಮಾಡಿ. ಪೂರ್ತಿ ನಿಲ್ಲಿಸುವ ಮಾತು ಸಾಮಾನ್ಯವಾಗಿ ಕನಿಷ್ಠ 2 ವರ್ಷ ಫಿಟ್ಸ್ ಬಾರದೆ ಇದ್ದ ಮೇಲೆ. ಆಗಲೂ ಸ್ವಲ್ಪ ಸ್ವಲ್ಪವೇ, ತಿಂಗಳುಗಟ್ಟಲೆ, ಡಾಕ್ಟರು ಬರೆದುಕೊಟ್ಟ ಹಾಗೆ ಇಳಿಸಬೇಕು. ಆ ಇಳಿಸುವ ಲೆಕ್ಕವನ್ನು ಬಾಯಲ್ಲಿ ಕೇಳಿಕೊಂಡು ಬರಬೇಡಿ, ಯಾವ ವಾರ ಎಷ್ಟು ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ. ಅದನ್ನು ಓದಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಡುವುದು ನನಗೇನೂ ಕಷ್ಟವಲ್ಲ.

ನಡುವೆ ಒಂದು ಮಾತು. "ಇಂಗ್ಲಿಷ್ ಮದ್ದೇ ಬೇಡ, ನಮ್ಮ ಪುಡಿ ಸಾಕು" ಅಂತ ಹೆಸರಿಲ್ಲದ ಡಬ್ಬಿ ಮಾರುವವರಿದ್ದಾರೆ. ಇಂಥ ಪುಡಿಗಳಲ್ಲಿ ಇದೇ ಫಿನೋಬಾರ್ಬಿಟೋನ್ ಬೆರೆಸಿದ್ದು ನಮ್ಮ ದೇಶದಲ್ಲೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಎಷ್ಟು ಬೆರೆಸಿದ್ದಾರೆ ಅಂತ ಯಾರಿಗೆ ಗೊತ್ತು? ಅದರ ಮೇಲೆ ಗಾರ್ಡಿನಾಲ್ ನುಂಗಿದರೆ ಡಬಲ್ ಆಯ್ತು ಅಲ್ವಾ. ಜೊತೆಗೆ ಸಂಜೆಯ ಕ್ವಾರ್ಟರ್ ಬೇರೆ ಸೇರಿದರೆ ಉಸಿರೇ ನಿಂತುಹೋಗಬಹುದು. ಈ ಮಾತ್ರೆ ಜಾಸ್ತಿಯಾದರೆ ಇಳಿಸಲು ಪ್ರತ್ಯೇಕ ಮದ್ದಿಲ್ಲ. ಮಕ್ಕಳ ಕೈಗೆ ಸಿಗದ ಹಾಗೆ ಬೀರುವಿನಲ್ಲಿ ಬೀಗ ಹಾಕಿಡಿ.

ಮಾತ್ರೆ ನಡೆಯುತ್ತಿರುವಾಗಲೂ ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬೀಗದ ಕೈ, ಈರುಳ್ಳಿ, ಚಪ್ಪಲಿ ವಾಸನೆ ಯಾವುದೂ ಬೇಡ, ಬಾಯಿಗೆ ಏನನ್ನೂ ತುರುಕಬೇಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ವರ್ಷಗಟ್ಟಲೆ ನುಂಗುವವರಿಗೆ ಮೂಳೆ ಸವೆಯಬಹುದು. ವಿಟಮಿನ್ ಡಿ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ಮತ್ತೆ ಮಳೆ ವಿಷಯ. ಘಾಟಿ ರಸ್ತೆ ಕುಸಿದ ಮೇಲೆ, ಹಳ್ಳ ಉಕ್ಕಿದ ಮೇಲೆ ನೆನಪಿಸಿಕೊಳ್ಳಬೇಡಿ. ಮೇ ತಿಂಗಳಲ್ಲೇ ಡಾಕ್ಟರ ಹತ್ತಿರ ಹೋಗಿ, ಮಳೆಗಾಲಕ್ಕೆ ಆಗುವಷ್ಟು ಮಾತ್ರೆಗೆ ಚೀಟಿ ಬರೆಸಿಕೊಂಡು ಬನ್ನಿ. ಚೀಟಿ ಇಲ್ಲದೆ ಬಂದರೆ ನಾನು ಕೊಡುವುದಿಲ್ಲ, ಬೈದರೂ ಕೊಡುವುದಿಲ್ಲ.